ರೇಸಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದವರು

ನಮ್ಮ ಮೇಷ್ಟ್ರು ರೇಸು ನೋಡುತ್ತಿದ್ದದ್ದು ಬೆನ್ನು ಹಾಕಿ ನಿಂತು. ಊರ್ಡಿಗೆರೆಯ ಆಚೆ ಯಾರದೋ ಬೀಳು ಹೊಲದಲ್ಲಿ ಸುಣ್ಣದ ಗೆರೆ ಎಳೆದು, ತಿರುವಿಗೊಂದು ಹಳೇ ಟೈರು ಇಟ್ಟು, ಹತ್ತು ಹನ್ನೆರಡು ಮುದಿ ಕಾರುಗಳು ಒಂದೊಂದಾಗಿ ಧೂಳೆಬ್ಬಿಸಿಕೊಂಡು ಓಡುವಾಗ ಸುತ್ತಲಿನ ಜನ ಬದುವಿನ ಮೇಲೆ ಹತ್ತಿ ಕತ್ತು ಚಾಚಿ ನೋಡುತ್ತಿದ್ದರು. ಇವರೊಬ್ಬರು ಮಾತ್ರ ಹುಣಸೇಮರದ ಕೆಳಗೆ, ಕೈ ಹಿಂದೆ ಕಟ್ಟಿಕೊಂಡು, ಆ ಕಡೆ ಮುಖ ಮಾಡಿ ನೆಲ ನೋಡುತ್ತಾ ನಿಂತಿರುತ್ತಿದ್ದರು. ಕಣ್ಣು ಕೆಲಸ ಮಾಡುವಾಗ ಕಿವಿ ಸೋಮಾರಿಯಾಗುತ್ತದೆ ಎನ್ನುವುದು ಅವರ ವಾದ. ಓಟ ಮುಗಿಸಿ ಬಂದು ನಾನು ಹೆಲ್ಮೆಟ್ ತೆಗೆಯುವುದರೊಳಗೆ, ಎರಡನೇ ತಿರುವಿನಲ್ಲಿ ಗೇರು ತಡವಾಗಿ ಇಳಿಸಿದ್ದನ್ನೂ ಕೊನೆಯಲ್ಲಿ ಹೆದರಿ ಕಾಲು ಎತ್ತಿದ್ದನ್ನೂ ಹೇಳಿಬಿಡುತ್ತಿದ್ದರು. ನಾನು ಹೆದರಿದ್ದು ನನಗೇ ಗೊತ್ತಿರುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ತುಮಕೂರಿನಲ್ಲಿ ಅವರನ್ನು ಬಲ್ಲವರು ಈಗ ಕಡಿಮೆ. ಮರಳೂರಿನಲ್ಲಿ, ಕುಣಿಗಲ್ ರಸ್ತೆಗೆ ಮುಖ ಮಾಡಿದ್ದ ಆ ತಗಡಿನ ಶೆಡ್ಡು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು ಮೂರು ವರ್ಷವಾಯಿತು. ಆದರೆ ನನ್ನಂಥ ನಾಲ್ಕಾರು ಜನರಿಗೆ, ತೊಂಬತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ಹಳೇ ಕಾರಿನ ಹುಚ್ಚು ಹಿಡಿಯುತ್ತಿದ್ದವರಿಗೆ, ಅವರು ವೈದ್ಯರೂ ಹೌದು, ನ್ಯಾಯಾಧೀಶರೂ ಹೌದು.

ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು, ಹೊಸದಾಗಿ ಸೇರಿದವರಿಗೆ ಎಂಜಿನ್ ಕಲಿಸುವ ಕೆಲಸ ಮಾಡುತ್ತಿದ್ದರು. ಅಲ್ಲಿಂದ ಅಂಟಿದ ‘ಮೇಷ್ಟ್ರು’ ನಿವೃತ್ತಿಯ ಮೇಲೂ ಉಳಿಯಿತು. ಬಿಳಿ ಅಂಗಿ ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಅಂಗಿಗೆ ಗ್ರೀಸು ಹತ್ತಿದರೆ ಕೈ ಹಾಕುವ ಮೊದಲು ಯೋಚನೆ ಮಾಡಲಿಲ್ಲ ಎಂದರ್ಥ ಎನ್ನುತ್ತಿದ್ದರು. ಕೈ ಒರೆಸಿಕೊಳ್ಳಲು ಹಳೇ ಪೇಪರು. ಒರೆಸುವ ಮೊದಲು ಅದರಲ್ಲಿ ಓದದೇ ಬಿಟ್ಟ ಸುದ್ದಿ ಏನಾದರೂ ಇದೆಯೇ ಎಂದು ಒಮ್ಮೆ ನೋಡುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ. ಗಾಡಿ ಬಂದರೆ ಮೊದಲು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಏನೇನು ಕಾರಣ ಇರಬಹುದೋ ಎಲ್ಲವನ್ನೂ ಬರೆದು, ಒಂದೊಂದನ್ನೇ ಪರೀಕ್ಷೆ ಮಾಡಿ, ಇಲ್ಲ ಎಂದು ಖಾತ್ರಿಯಾದದ್ದನ್ನು ಹೊಡೆದುಹಾಕುತ್ತಾ ಬರುತ್ತಿದ್ದರು. ಕೊನೆಗೆ ಉಳಿದದ್ದೇ ರೋಗ.

ಅವರ ಒಂದು ಮಾತು ನಮ್ಮ ಬಳಗದಲ್ಲಿ ಗಾದೆಯೇ ಆಗಿಹೋಗಿತ್ತು: “ನೋಡಿದ್ಯಾ, ಅನ್ಕಂಡ್ಯಾ?” ಸ್ಕೂಟರ್ ತಳ್ಳಿಕೊಂಡು ಬಂದವನು ಪ್ಲಗ್ಗು ಹೋಗಿದೆ ಮೇಷ್ಟ್ರೇ ಅಂದರೆ ಅವರು ತಲೆ ಎತ್ತದೆ ಅದನ್ನೇ ಕೇಳುತ್ತಿದ್ದರು. ನೋಡಿದ್ದರೆ ಸರಿ, ಅಂದುಕೊಂಡಿದ್ದರೆ ವಾಪಸು ಹೋಗಿ ನೋಡಿಕೊಂಡು ಬರಬೇಕು. ಮನೆಯಲ್ಲೂ ಅದೇ ಅಂತೆ. ಸಾರಿಗೆ ಉಪ್ಪು ಹಾಕಿದ್ದೀನಿ ಅಂದರೆ ಹಾಕಿದ್ದು ನೋಡಿದೆಯೋ ಅಂದುಕೊಂಡೆಯೋ ಎಂದು ಇವರು ಕೇಳಿ ಕೇಳಿ, ಅವರ ಹೆಂಡತಿ ಒಂದು ದಿನ ಉಪ್ಪಿನ ಡಬ್ಬಿಯನ್ನೇ ತಂದು ಎಲೆಯ ಪಕ್ಕ ಇಟ್ಟು, ಇವತ್ತಿಂದ ನೀವೇ ನೋಡಿ ಹಾಕಿಕೊಳ್ಳಿ ಅಂದರಂತೆ. ಇದನ್ನು ಅವರೇ ನಮಗೆ ಹೇಳಿ ನಗುತ್ತಿದ್ದರು.

ನಾನು ಆಗ ಕುಣಿಗಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಕೈಗೆ ಬಂದಿದ್ದ ಒಂದು ಹಳೇ ಕಾರಿನ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂರಿಸಿ, ಭಾನುವಾರದ ಈ ಧೂಳಿನ ಓಟಗಳಿಗೆ ಒಯ್ಯುತ್ತಿದ್ದೆ. ಕುಣಿಗಲ್ಲಿನವರಿಗೆ ಓಟವೆಂದರೆ ಕುದುರೆ. ಊರಲ್ಲೇ ಕುದುರೆ ಫಾರಂ ಇಟ್ಟುಕೊಂಡು ಸಾರ್ ಯಾಕೆ ಈ ತಗಡಿನ ಹಿಂದೆ ಬಿದ್ದಿದ್ದಾರೆ ಎಂದು ನನ್ನ ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೇಷ್ಟ್ರದ್ದು ಬೇರೆ ತಕರಾರು. ನೀನು ಓದಿಸುವವನು, ಓಡಿಸುವವನಲ್ಲ ಎಂದು ಛೇಡಿಸುತ್ತಿದ್ದರು. ವಿಚಿತ್ರವೆಂದರೆ ವೇಗ ಕಂಡರೆ ಅವರಿಗೇ ಭಯ. ಕಾರು ಪರೀಕ್ಷೆ ಮಾಡಲು ಹೆಬ್ಬೂರಿನ ಕಡೆ ಹೊರಟರೆ ಮುಳ್ಳು ನಲವತ್ತು ದಾಟಿದ ಕೂಡಲೇ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, ಸಾಕು ನಿಲ್ಲಿಸು, ನಾನು ಇಳಿದು ಇಲ್ಲೇ ನಿಂತಿರುತ್ತೇನೆ, ನೀನು ಹೋಗಿ ಬಾ ಎನ್ನುತ್ತಿದ್ದರು. ರೇಸಿನ ಕಾರುಗಳಿಗೆ ಜೀವ ಕೊಡುತ್ತಿದ್ದ ಮನುಷ್ಯ ಮೈಲಿಕಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ನನ್ನ ಕಾರು ದೂರ ಹೋಗಿ ತಿರುಗಿ ಬರುವ ಸದ್ದು ಕೇಳುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಅವರ ಕೈಕೆಳಗೆ ಎಂಟು ವರ್ಷ ಕಲಿತವನು ನಯಾಜ್. ಗುಬ್ಬಿಯವನು. ಐಟಿಐ ಮುಗಿಸಿ ಬಂದು ಸೇರಿ, ಅವರು ಬೈದದ್ದನ್ನೆಲ್ಲ ನಗುತ್ತಲೇ ನುಂಗಿ, ಕೊನೆಗೆ ಒಂದು ದಿನ ಸ್ವಂತ ಊರಿನಲ್ಲಿ ಶೆಡ್ಡು ಹಾಕುತ್ತೇನೆ ಎಂದು ಹೇಳಿದ. ಇನ್ನೂ ಎರಡು ವರ್ಷ ಇರು ಎಂದರು ಮೇಷ್ಟ್ರು. ಅವನು ಇರಲಿಲ್ಲ. ಜಗಳವೇನೂ ಆಗಲಿಲ್ಲ. ಆದರೆ ಆಮೇಲೆ ಅವನ ಹೆಸರು ಬಂದಾಗ ಮೇಷ್ಟ್ರು ‘ಗುಬ್ಬಿಯವನು’ ಎನ್ನತೊಡಗಿದರು.

ಇಬ್ಬರಿಗೂ ಒಂದು ವಿಷಯದಲ್ಲಿ ಮೊದಲಿಂದಲೂ ಹೊಂದುತ್ತಿರಲಿಲ್ಲ. ಎಂಜಿನ್ನಿನಲ್ಲಿ ಕಿಡಿ ಹತ್ತುವುದಕ್ಕೆ ಒಂದು ಹೊತ್ತಿದೆ. ತರಗತಿಯಲ್ಲಿ ನಾನು ಇದನ್ನು ಉಯ್ಯಾಲೆಯ ಉದಾಹರಣೆ ಕೊಟ್ಟು ಹೇಳುತ್ತಿದ್ದೆ: ಸರಿಯಾದ ಗಳಿಗೆಯಲ್ಲಿ ನೂಕಿದರೆ ಎತ್ತರಕ್ಕೆ ಹೋಗುತ್ತದೆ, ತಡವಾಗಿ ನೂಕಿದರೆ ಅಷ್ಟೇ ಬಲ ಹಾಕಿದರೂ ಏಳುವುದಿಲ್ಲ. ಆ ಗಳಿಗೆ ಹೊಂದಿಸಲು ಎಂಜಿನ್ನಿನ ಮೂತಿಯಲ್ಲಿ ಬೆಲ್ಟು ಸುತ್ತುವ ಕಬ್ಬಿಣದ ಪುಲ್ಲಿಯ ಮೇಲೆ ಒಂದು ಗೀಟು ಇರುತ್ತದೆ, ಎದುರಿಗೆ ಒಂದು ಮುಳ್ಳು. ಮೇಷ್ಟ್ರ ಹತ್ತಿರ ಪ್ರತಿ ಕಿಡಿಗೂ ಒಮ್ಮೆ ಮಿಂಚುವ, ಪಿಸ್ತೂಲಿನಂಥ ಒಂದು ದೀಪವಿತ್ತು. ಅದನ್ನು ಹಿಡಿದರೆ ತಿರುಗುತ್ತಿರುವ ಗೀಟು ನಿಂತಂತೆ ಕಾಣುತ್ತದೆ. ಗೀಟು ಮುಳ್ಳಿನೆದುರು ಬರುವವರೆಗೂ ಅವರು ಬಿಡುತ್ತಿರಲಿಲ್ಲ. ನಯಾಜನದು ಬರೀ ಕಿವಿ. ಎಂಜಿನ್ ಓಡುತ್ತಿರುವಾಗಲೇ ಕಣ್ಣು ಮುಚ್ಚಿ, ಅದರ ದನಿ ಕೇಳುತ್ತಾ ಹೊಂದಿಸುತ್ತಿದ್ದ. ಕಿವಿ ರೋಗ ಹೇಳುತ್ತದೆ, ಅಳತೆ ಹೇಳುವುದಿಲ್ಲ ಎಂದು ಮೇಷ್ಟ್ರು ಎಷ್ಟೋ ಸಲ ಗದರಿದ್ದರು.

ಆ ವರ್ಷ ಬೇಸಿಗೆಗೆ ಮೊದಲು ನನ್ನ ಕಾರಿನ ಎಂಜಿನ್ ಉಸಿರಾಡುವ ವಾಲ್ವುಗಳು ಸವೆದಿದ್ದವು. ಮೇಷ್ಟ್ರಿಗೆ ಬೆನ್ನು ನೋವು, ಎಂಜಿನ್ ತಲೆ ಬಿಚ್ಚುವಂಥ ದೊಡ್ಡ ಕೆಲಸ ಆಗದು. ನಾನು ಅವರನ್ನು ಕೇಳಿಯೇ ಗುಬ್ಬಿಗೆ ಒಯ್ದೆ. ಮಾಡಲಿ, ನೋಡೋಣ ಎಂದರು. ನಯಾಜ್ ಒಂದು ವಾರ ತೆಗೆದುಕೊಂಡು, ವಾಲ್ವುಗಳನ್ನು ಉಜ್ಜಿ ಕೂರಿಸಿ, ಶನಿವಾರ ಮಧ್ಯಾಹ್ನ ಕಾರು ಕೊಟ್ಟ.

ಗುಬ್ಬಿಯಿಂದ ಹೊರಟ ಆ ಹತ್ತು ಹನ್ನೆರಡು ಕಿಲೋಮೀಟರು ನಾನು ಮರೆಯುವಂತಿಲ್ಲ. ಕಾಲಿಟ್ಟರೆ ಸಾಕು, ಕಾರು ಬಾಯಿ ತೆರೆದು ರಸ್ತೆಯನ್ನು ನುಂಗುತ್ತಿತ್ತು. ಮಲ್ಲಸಂದ್ರದ ಏರು ಹತ್ತಿ ಮುಗಿಸುತ್ತಿದ್ದಂತೆ ಟಪ್ಪೆಂದು ಸದ್ದಾಗಿ ಬೆಲ್ಟು ಕಿತ್ತುಹೋಯಿತು. ಇಳಿದು ನೋಡಿದರೆ ಪುಲ್ಲಿಯ ಅಂಚು ಒಡೆದಿತ್ತು. ಹಳೇ ಕಬ್ಬಿಣ, ಯಾರ ತಪ್ಪೂ ಅಲ್ಲ. ಒಂದು ಲಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಮರಳೂರು ಸೇರಿದೆ. ಮೇಷ್ಟ್ರು ಹಳೇ ಸಾಮಾನಿನ ಅಂಗಡಿಗೆ ತಾವೇ ಹೋಗಿ, ಅದೇ ಅಳತೆಯ ಪುಲ್ಲಿಯೊಂದನ್ನು ಆರಿಸಿ ತಂದು ಹಾಕಿದರು. ಹಾಕಿದ ಮೇಲೆ ದೀಪ ಹಿಡಿದು ನೋಡಿದರೆ ಗೀಟು ಮುಳ್ಳಿಗಿಂತ ಒಂದು ಬೆರಳು ಆಚೆಗೆ ಇತ್ತು. ನೋಡಿದೆಯಾ ಗುಬ್ಬಿಯವನ ಕಿವಿ ಎಂದು ನಕ್ಕು, ಗೀಟನ್ನು ಮುಳ್ಳಿಗೆ ತಂದು ಕೂರಿಸಿ, ತೆಗೆದುಕೊಂಡು ಹೋಗು ಎಂದರು.

ಮಾರನೇ ಭಾನುವಾರ ಊರ್ಡಿಗೆರೆಯ ಓಟದಲ್ಲಿ ನನ್ನ ಕಾರು ಎದ್ದೇಳಲಿಲ್ಲ. ಸದ್ದು ಸರಿಯಾಗಿಯೇ ಇತ್ತು, ಕೆಮ್ಮಿಲ್ಲ, ಹೊಗೆಯಿಲ್ಲ. ಆದರೆ ಮೂರನೇ ಗೇರಿಗೆ ಹಾಕಿದ ಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಎಂಜಿನ್ ಬೇರೆ ಕಾದು ಕೆಂಡವಾಗುತ್ತಿತ್ತು. ಊರ್ಡಿಗೆರೆಯವನೇ ಆದ ರಂಗಸ್ವಾಮಿ, ವಾರವೆಲ್ಲ ಟ್ರ್ಯಾಕ್ಟರ್ ಓಡಿಸಿ ಭಾನುವಾರ ಜೀಪಿನಲ್ಲಿ ರೇಸಿಗೆ ಬರುತ್ತಿದ್ದವನು, ಆ ಜೀಪಿನಲ್ಲೇ ನನಗಿಂತ ಬೇಗ ಸುತ್ತು ಮುಗಿಸಿದ. ನಾನು ಕೊನೆಯಿಂದ ಎರಡನೆಯವನು. ಹುಣಸೇಮರದ ಕೆಳಗೆ ಮೇಷ್ಟ್ರು ತಿರುಗಿ ನಿಂತಿದ್ದರು. ಅವರು ಓಟದ ನಡುವೆ ತಿರುಗಿದ್ದನ್ನು ಅದೇ ಮೊದಲು ನಾನು ನೋಡಿದ್ದು.

ಎಂಜಿನ್ ಉಸಿರು ಕಟ್ಟಿದೆ, ವಾಲ್ವು ಸರಿಯಾಗಿ ಕೂತಿಲ್ಲ ಎಂದರು. ಆಮೇಲೆ ನನ್ನನ್ನು ಕೇಳಿದರು, ಗುಬ್ಬಿಯಿಂದ ಬರುವಾಗ ಹೇಗಿತ್ತು ಎಂದು. ನಾನು ಆ ಗಳಿಗೆಯಲ್ಲಿ ಮಾಡಿದ್ದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಚೆನ್ನಾಗಿ ಎಳೆಯುತ್ತಿತ್ತು ಎಂದರೆ ಅವರು ತೀರ್ಮಾನ ಮಾಡಿಯಾದ ಮಾತಿಗೆ ಎದುರಾಡಿದಂತೆ. ಅವರ ಮುಖ ಗಂಟಿಕ್ಕಿತ್ತು. ಸುತ್ತ ಜನ ನಿಂತಿದ್ದರು. ನಾನು ಗಮನಿಸಲಿಲ್ಲ ಮೇಷ್ಟ್ರೇ ಎಂದುಬಿಟ್ಟೆ.

ಅಷ್ಟೇ ಸಾಕಾಯಿತು. ನಮ್ಮ ಬಳಗದಲ್ಲಿ ಮೇಷ್ಟ್ರ ಮಾತೆಂದರೆ ಮುಗಿಯಿತು. ಗುಬ್ಬಿಯವನು ಲೆಕ್ಚರರ್ ಕಾರು ಕೆಡಿಸಿದನಂತೆ ಎನ್ನುವುದು ಒಂದೇ ವಾರದಲ್ಲಿ ತುಮಕೂರು ದಾಟಿ ಕುಣಿಗಲ್ ಮುಟ್ಟಿತು. ಮುಟ್ಟಿಸಿದವರಲ್ಲಿ ನಾನೂ ಒಬ್ಬ. ಸ್ಟಾಫ್ ರೂಮಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸೋತದ್ದಕ್ಕೆ ಕಾರಣ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ನಯಾಜನ ಹತ್ತಿರ ಭಾನುವಾರದ ಕಾರುಗಳು ಹೋಗುವುದು ನಿಂತಿತು. ಗುಬ್ಬಿಯ ಕಡೆಯ ಒಂದು ಶಾಲೆ ತನ್ನ ವ್ಯಾನುಗಳನ್ನೆಲ್ಲ ಅವನಿಗೇ ಒಪ್ಪಿಸಬೇಕೆಂದಿತ್ತು. ಅಲ್ಲಿಯ ಮ್ಯಾನೇಜರು ಮರಳೂರಿಗೆ ಬಂದು ಮೇಷ್ಟ್ರ ಅಭಿಪ್ರಾಯ ಕೇಳಿದರು. ಇವರು ಸುಳ್ಳು ಹೇಳುವವರಲ್ಲ. ತಾವು ನಂಬಿದ್ದನ್ನೇ ಹೇಳಿದರು: ಕೈ ಇನ್ನೂ ಕೂತಿಲ್ಲ. ಶಾಲೆಯವರು ಬೇರೆಯವರನ್ನು ನೋಡಿಕೊಂಡರು.

ನಯಾಜ್ ಒಂದು ದಿನ ಕಾಲೇಜಿಗೇ ಬಂದು ನನ್ನನ್ನು ಹುಡುಕಿದ. ಜಗಳಕ್ಕೆ ಬಂದಿರಲಿಲ್ಲ. ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

“ಸಾರ್, ನಾನ್ ಕೊಟ್ಟಾಗ ಗಾಡಿ ಎಳೀತಿತ್ತು. ಮಲ್ಲಸಂದ್ರದ್ವರ್ಗೂ ನೀವೇ ಓಡ್ಸಿದೀರ. ನೀವೊಂದ್ ಮಾತು ಹೇಳಿದ್ರೆ ಮೇಷ್ಟ್ರು ಕೇಳ್ತಾರೆ.”

ಅಷ್ಟು ಸ್ವಲ್ಪ ದೂರ ಓಡಿಸಿದ್ದರಲ್ಲಿ ಹೇಗೆ ಹೇಳೋದಕ್ಕಾಗುತ್ತೆ ನಯಾಜ್ ಎಂದೆ. ಅವನು ನನ್ನ ಮುಖವನ್ನೇ ನೋಡಿ, ಸರಿ ಸಾರ್ ಎಂದು ಹೊರಟುಹೋದ. ಬೆಂಗಳೂರಿನ ಯಾವುದೋ ಗ್ಯಾರೇಜಿಗೆ ಸೇರುವ ಯೋಚನೆಯಲ್ಲಿದ್ದಾನೆ, ಶೆಡ್ಡು ಖಾಲಿ ಮಾಡುತ್ತಾನಂತೆ ಎಂದು ಆಮೇಲೆ ಗೊತ್ತಾಯಿತು.

ಬೆನ್ನು ನೋವು ಕಡಿಮೆಯಾದ ಮೇಲೆ ಮೇಷ್ಟ್ರು ಕಾರನ್ನು ತಾವೇ ಕೈಗೆತ್ತಿಕೊಂಡರು. ಎಂಜಿನ್ನಿನ ತಲೆ ಬಿಚ್ಚಿ, ವಾಲ್ವುಗಳನ್ನು ತಲೆಕೆಳಗು ಮಾಡಿ ಇಟ್ಟು, ಒಂದೊಂದರ ಬುಡಕ್ಕೂ ಸೀಮೆಎಣ್ಣೆ ಸುರಿದರು. ಸರಿಯಾಗಿ ಕೂರದಿದ್ದರೆ ಎಣ್ಣೆ ಕೆಳಗೆ ಒಸರಬೇಕು. ನಾವಿಬ್ಬರೂ ಸ್ಟೂಲು ಹಾಕಿಕೊಂಡು ಕೂತೆವು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಒಂದು ಹನಿ ಒಸರಲಿಲ್ಲ. ಮೇಷ್ಟ್ರು ಬೆರಳಿನಿಂದ ಕೆಳಗೆ ಮುಟ್ಟಿ ಮುಟ್ಟಿ ನೋಡಿದರು. ಬೆರಳು ಒಣಗಿಯೇ ಇತ್ತು.

ತಲೆಯನ್ನು ಮತ್ತೆ ಕೂರಿಸುವಾಗ ಅವರು, ಇಷ್ಟು ನೀಟಾಗಿ ನಾನು ಮಾಡುತ್ತಿರಲಿಲ್ಲ ಎಂದು ತಮಗೇ ಹೇಳಿಕೊಂಡರು.

ಆಮೇಲಿನ ಮೂರು ಭಾನುವಾರಗಳು ಬಾಗಿಲ ಮೇಲಿನ ಬರಹದೊಂದಿಗೆ ಕಳೆದವು. ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ ಎಂದು ಬಾನೆಟ್ಟಿನ ಮೇಲೆ ಬಾಟಲಿ ಕಟ್ಟಿ ಅದರಿಂದಲೇ ಕುಡಿಸಿ ಓಡಿಸಿದೆವು. ಬದಲಾವಣೆ ಇಲ್ಲ. ಪೆಟ್ರೋಲ್ ಎಂದು ಬರೆದದ್ದನ್ನು ಹೊಡೆದುಹಾಕಿದರು. ಸೈಲೆನ್ಸರ್ ಕಟ್ಟಿಕೊಂಡಿದೆಯೇನೋ ಎಂದು ಅದನ್ನೂ ಕಳಚಿ, ಮರಳೂರಿನ ನಾಯಿಗಳೆಲ್ಲ ಓಡಿಹೋಗುವಂತೆ ಒಂದು ಸುತ್ತು ಹಾಕಿಬಂದೆ. ಅದೂ ಅಲ್ಲ. ಬ್ರೇಕು ಹಿಡಿದುಕೊಂಡಿದೆಯೇ ಎಂದು ಇಳಿಜಾರಿನಲ್ಲಿ ಸುಮ್ಮನೆ ಬಿಟ್ಟು ನೋಡಿದೆವು. ಕ್ಲಚ್ಚು ನೋಡಿದೆವು. ನಾನು ಪೆಡಲು ಪೂರ್ತಿ ಒತ್ತಿದಾಗ ಕಾರ್ಬುರೇಟರಿನ ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ಅವರು ಬಗ್ಗಿ ನೋಡಿದರು. ತೆರೆಯುತ್ತಿತ್ತು. ಬಾಗಿಲ ಮೇಲೆ ಎಲ್ಲದಕ್ಕೂ ಗೆರೆ ಬಿತ್ತು. ‘ಕಿಡಿ’ ಎನ್ನುವುದನ್ನು ಅವರು ಮೊದಲ ದಿನವೇ ಹೊಡೆದುಹಾಕಿದ್ದರು. ದೀಪ ಹಿಡಿದರೆ ಗೀಟು ಮುಳ್ಳಿನೆದುರೇ ಇತ್ತಲ್ಲ.

ಏನೂ ಉಳಿಯದ ಬಾಗಿಲಿನ ಮುಂದೆ ಅವರು ನಿಂತಿದ್ದದ್ದು ನೋಡಿದರೆ, ಪಾಠ ಮರೆತ ಮೇಷ್ಟ್ರ ಹಾಗಿದ್ದರು. ಅವರ ಹೆಂಡತಿ ಮಜ್ಜಿಗೆ ತಂದವರು, ಇಷ್ಟು ದಿನ ಒಂದೇ ಗಾಡಿಗೆ ಇವರು ಕೂತದ್ದು ನಾನು ಕಂಡಿಲ್ಲ ಎಂದು ನನಗೆ ಮೆಲ್ಲಗೆ ಹೇಳಿದರು. ಮೇಷ್ಟ್ರು ಮಜ್ಜಿಗೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಗಾಡಿ ಸ್ಟಾರ್ಟ್ ಮಾಡು ಎಂದರು.

ನಾನು ಸ್ಟಾರ್ಟ್ ಮಾಡಿದೆ. ಅವರು ದೀಪವನ್ನು ತೆಗೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿಕೊಂಡು, ಕಿಡಿಯ ಹೊತ್ತು ಹೊಂದಿಸುವ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರು. ಎಂಜಿನ್ನಿನ ದನಿ ಏರಿತು. ಇನ್ನಷ್ಟು ತಿರುಗಿಸಿದರು, ಇನ್ನಷ್ಟು ಏರಿತು. ಮೂರು ತಿಂಗಳಿಂದ ಉಸಿರು ಹಿಡಿದಿದ್ದ ಎಂಜಿನ್ ನಿರಾಳವಾಗಿ ಉಸಿರು ಬಿಟ್ಟಿತು. ಅವರು ಅಲ್ಲಿಗೆ ಬಿಗಿ ಮಾಡಿ, ಕಣ್ಣು ಬಿಟ್ಟು, ಈಗ ದೀಪ ಹಿಡಿದರು. ಗೀಟು ಮುಳ್ಳಿಗಿಂತ ಒಂದು ಬೆರಳು ಆಚೆಗೆ ಇತ್ತು. ನಯಾಜ್ ಇಟ್ಟಿದ್ದ ಅದೇ ಜಾಗದಲ್ಲಿ.

“ಆರ್ಸು” ಎಂದರು.

ಸೈಕಲ್ಲಿನ ಒಂದು ಕಡ್ಡಿ ತರಿಸಿ, ಪ್ಲಗ್ಗು ಬಿಚ್ಚಿ ಅದರ ತೂತಿನೊಳಗೆ ಇಳಿಬಿಟ್ಟರು. ಕೈಯಲ್ಲಿ ಎಂಜಿನ್ ತಿರುಗಿಸಿದಂತೆ ಒಳಗಿನ ಪಿಸ್ಟನ್ ಕಡ್ಡಿಯನ್ನು ಮೇಲಕ್ಕೆತ್ತುತ್ತದೆ, ತುದಿ ಮುಟ್ಟಿ ಮತ್ತೆ ಇಳಿಸುತ್ತದೆ. ಕಡ್ಡಿಗೆ ಒಂದು ದಾರ ಕಟ್ಟಿ, ಏರುವಾಗ ದಾರ ಒಂದು ಮಟ್ಟಕ್ಕೆ ಬಂದಾಗ ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಇಳಿಯುವಾಗ ಅದೇ ಮಟ್ಟಕ್ಕೆ ಬಂದಾಗ ಇನ್ನೊಂದು. ಪಿಸ್ಟನ್ ನಿಜವಾಗಿ ತುದಿಯಲ್ಲಿರುವುದು ಆ ಎರಡರ ನಟ್ಟನಡುವೆ. ಪುಲ್ಲಿಯ ಮೇಲೆ ಕಾರ್ಖಾನೆಯವರು ಕೊರೆದ ಗೀಟು ಅಲ್ಲಿರಲಿಲ್ಲ. ಅವರು ಹಳೇ ಅಂಗಡಿಯಿಂದ ತಂದಿದ್ದು ಅದೇ ಅಳತೆಯ, ಆದರೆ ಇನ್ನೂ ಹಿಂದಿನ ಮಾದರಿಯ ಎಂಜಿನ್ನಿನ ಪುಲ್ಲಿ. ಅದರಲ್ಲಿ ಮುಳ್ಳಿನ ಜಾಗವೇ ಬೇರೆ, ಆದ್ದರಿಂದ ಗೀಟಿನ ಜಾಗವೂ ಬೇರೆ. ನಯಾಜ್ ಸರಿಯಾಗಿ ಇಟ್ಟಿದ್ದನ್ನು ಇವರು ಆ ತಪ್ಪು ಗೀಟು ನಂಬಿ ಕೆಡಿಸಿದ್ದರು. ಮೂರು ತಿಂಗಳು ಕಿಡಿ ತಡವಾಗಿ ಹತ್ತುತ್ತಿತ್ತು.

ಅವರು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. ಬಿಳಿ ಅಂಗಿಯ ಬೆನ್ನಿಗೆ ಸೀಮೆಸುಣ್ಣವೆಲ್ಲ ಹತ್ತಿತು.

“ಪುಲ್ಲಿ ನಾನ್ ತಂದಿದ್ದು. ಗೀಟು ಸರಿ ಇದ್ಯಾ ಅಂತ ನೋಡ್ಲಿಲ್ಲ ಕಣೋ. ಅನ್ಕಂಡೆ.”

ಆಗ ನನಗೆ ತಡೆಯಲಾಗಲಿಲ್ಲ. ಗುಬ್ಬಿಯಿಂದ ಬರುವಾಗ ಕಾರು ಚೆನ್ನಾಗಿ ಎಳೆಯುತ್ತಿತ್ತು, ನನಗೆ ಗೊತ್ತಿತ್ತು, ನಿಮಗೆ ಹೆದರಿ ಹೇಳಲಿಲ್ಲ ಎಂದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು ಕೈ ತೊಳೆದು, ಗುಬ್ಬಿಗೆ ಹೋಗಣ ನಡಿ ಎಂದರು. ಅಂಗಿ ಬದಲಾಯಿಸಲಿಲ್ಲ. ಕಾರು ಎಪ್ಪತ್ತು ದಾಟಿತು, ಎಂಬತ್ತು ಮುಟ್ಟಿತು, ಅವರ ಕೈ ಡ್ಯಾಶ್‌ಬೋರ್ಡಿನ ಮೇಲೆ ಬರಲಿಲ್ಲ.

ನಯಾಜನ ಶೆಡ್ಡಿನಲ್ಲಿ ಸಾಮಾನುಗಳನ್ನು ಗೋಣಿಚೀಲಕ್ಕೆ ತುಂಬಿ ಇಟ್ಟಿತ್ತು. ಕೊನೆಯ ಕೆಲಸವೆಂದು ಒಂದು ಆಟೋ ನಿಂತಿತ್ತು. ಅದರ ಯಜಮಾನ, ಪಕ್ಕದ ಟೀ ಅಂಗಡಿಯವನು, ಇನ್ನಿಬ್ಬರು ಗಿರಾಕಿಗಳು ಇದ್ದರು. ಬದಿಗೆ ಕರೆದು ಹೇಳಬಹುದಿತ್ತು. ಮೇಷ್ಟ್ರು ಎಲ್ಲರಿಗೂ ಕೇಳಿಸುವ ಹಾಗೆ, ಡಿಪೋದಲ್ಲಿ ಪಾಠ ಹೇಳುತ್ತಿದ್ದ ದನಿಯಲ್ಲೇ ಹೇಳಿದರು.

“ನಯಾಜ್, ಆ ಕಾರಿನ ವಾಲ್ವ್ ಕೆಲ್ಸ ಸರಿಯಾಗಿತ್ತು. ನನಗಿಂತ ಚೆನ್ನಾಗ್ ಮಾಡಿದೀಯ. ಟೈಮಿಂಗೂ ಸರಿಯಾಗಿಟ್ಟಿದ್ದೆ. ಕೆಡ್ಸಿದ್ದು ನಾನು. ಊರೆಲ್ಲ ನಿನ್ ಹೆಸ್ರು ಕೆಡ್ಸಿದ್ದೂ ನಾನೇ.”

ನನ್ನ ಸುದ್ದಿ ಅವರು ಎತ್ತಲಿಲ್ಲ. ನಾನಾಗಿಯೇ ಹೇಳಬೇಕಿತ್ತು. ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.

ನಯಾಜ್ ಕೈಯಲ್ಲಿದ್ದ ನಟ್ಟನ್ನು ಪೂರ್ತಿ ಬಿಗಿ ಮಾಡಿದ. ಸ್ಪ್ಯಾನರ್ ಕೆಳಗಿಟ್ಟ. ಅವನು ಕಾಲಿಗೆ ಬೀಳುತ್ತಾನೆ, ಅಳುತ್ತಾನೆ ಎಂದು ಟೀ ಅಂಗಡಿಯವನು ಕಾಯುತ್ತಿದ್ದಂತಿತ್ತು. ಅಂಥದ್ದೇನೂ ಆಗಲಿಲ್ಲ.

“ಇದನ್ನ ಶಾಲೆಯವ್ರಿಗೆ ಹೇಳ್ತೀರಾ ಮೇಷ್ಟ್ರೇ?”

“ಈಗ್ಲೇ ಹೋಗ್ತೀನಿ.”

“ಇವತ್ತು ಭಾನುವಾರ. ನಾಳೆ ಹೋಗಿ.”

ಅಷ್ಟು ಹೇಳಿ ಅವರಿಗೊಂದು ಸ್ಟೂಲು ಎಳೆದು ಹಾಕಿದ. ಟೀ ಬಂತು. ಇಬ್ಬರೂ ಕುಡಿದರು.

ಮೇಷ್ಟ್ರು ಸೋಮವಾರ ಶಾಲೆಗೆ ಹೋದರು. ಆದರೆ ಶಾಲೆಯವರು ಆ ವರ್ಷಕ್ಕೆ ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ನಯಾಜನಿಗೆ ಆ ಕೆಲಸ ಸಿಕ್ಕಿದ್ದು ಮುಂದಿನ ವರ್ಷ. ನಡುವಿನ ಆ ಒಂದು ವರ್ಷ ಅವನು ಹೇಗೆ ಕಳೆದ ಎಂದು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಗೋಣಿಚೀಲಗಳನ್ನು ಮಾತ್ರ ಅವನು ಮತ್ತೆ ಬಿಚ್ಚಿದ, ಬೆಂಗಳೂರಿಗೆ ಹೋಗಲಿಲ್ಲ.

ಆ ಬೇಸಿಗೆಯ ಕೊನೆಯ ಓಟ ಮಾರ್ಕೋನಹಳ್ಳಿ ಡ್ಯಾಮಿನ ಆಚೆಯ ಬಯಲಿನಲ್ಲಿ ನಡೆಯಿತು. ನನ್ನ ಕಾರು ಹಾರಿತು. ಎರಡನೆಯವನಾಗಿ ಬಂದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಆದರೆ ಆ ದಿನದ್ದೆಂದು ನನ್ನ ಮನಸ್ಸಿನಲ್ಲಿ ಉಳಿದಿರುವ ಚಿತ್ರ ಬೇರೆ. ಮೇಷ್ಟ್ರು ಎಂದಿನಂತೆ ಬೆನ್ನು ಹಾಕಿ ನಿಂತಿದ್ದರು. ಪಕ್ಕದಲ್ಲಿ ಟ್ರ್ಯಾಕಿನ ಕಡೆ ಮುಖ ಮಾಡಿ ನಯಾಜ್ ನಿಂತಿದ್ದ. ಒಬ್ಬರು ಕೇಳುತ್ತಿದ್ದರು, ಒಬ್ಬ ನೋಡುತ್ತಿದ್ದ. ನಡುನಡುವೆ ಅವನು ಏನೋ ಒಂದೆರಡು ಮಾತು ಹೇಳಿದರೆ ಇವರು ತಲೆ ಆಡಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರುಗಳ ಜಾತಿಯೇ ಬದಲಾಯಿತು. ಕಾರ್ಬುರೇಟರ್ ಹೋಯಿತು, ತಿರುಗಿಸಿ ಹೊಂದಿಸುವಂಥದ್ದು ಏನೂ ಉಳಿಯಲಿಲ್ಲ. ಮೇಷ್ಟ್ರು ಶೆಡ್ಡು ಮುಚ್ಚಿದರು. ಪ್ರತಿ ಮಂಗಳವಾರ ಬಸ್ಸು ಹಿಡಿದು ಗುಬ್ಬಿಗೆ ಹೋಗಿ ನಯಾಜನ ಗ್ಯಾರೇಜಿನಲ್ಲಿ ಸಂಜೆಯವರೆಗೆ ಕೂತು ಬರುತ್ತಿದ್ದರು. ಅವನು ರೋಗ ಹೇಳುವ ಕಂಪ್ಯೂಟರ್ ತಂದಾಗ ಅದರ ಪರದೆಯ ಮೇಲೆ ಬಂದ ಅಕ್ಷರಗಳನ್ನು ಓದಿ, ಇದು ನೋಡಿ ಹೇಳ್ತಾ ಇದೆಯೋ ಅಂದುಕೊಂಡು ಹೇಳ್ತಾ ಇದೆಯೋ ಎಂದು ವಿಚಾರಿಸಿದರಂತೆ. ಅಂದುಕೊಂಡೇ ಹೇಳೋದು ಮೇಷ್ಟ್ರೇ, ನೋಡೋದು ನಾವೇ ಎಂದನಂತೆ ನಯಾಜ್. ಅವರಿಗೆ ಬಹಳ ಸಂತೋಷವಾಯಿತಂತೆ. ನಾನು ಕಾರು ಮಾರಿದೆ, ಮಕ್ಕಳಾದವು, ಭಾನುವಾರಗಳು ಬೇರೆ ಕೆಲಸಕ್ಕೆ ಹೋದವು. ಮರಳೂರಿನ ಕಡೆ ಹೋಗುವುದು ಕಡಿಮೆಯಾಯಿತು.

ಅವರ ಕಾರ್ಯದ ಊಟದ ದಿನ ನಮ್ಮ ಹಳೇ ಬಳಗದವರು ನಾಲ್ಕೈದು ಜನ ಸೇರಿದ್ದೆವು. ರಂಗಸ್ವಾಮಿ ನನ್ನ ಪಕ್ಕ ಕೂತ. ಅವರು ಊರ್ಡಿಗೆರೆಗೆ ರೇಸಿಗಲ್ಲದೆ ಬಂದದ್ದು ಒಂದೇ ಸಲ ಎಂದು ಮಾತಿಗೆ ಶುರು ಮಾಡಿದ. ನನ್ನ ಕಾರಿನ ಗಲಾಟೆ ಮುಗಿದ ವಾರ, ಬಿಸಿಲಲ್ಲಿ ಬಸ್ಸಿಳಿದು ಅವನ ಮನೆ ಹುಡುಕಿಕೊಂಡು ಬಂದಿದ್ದರಂತೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಜಗಲಿಯ ಮುಂದೆ ನಿಂತು, ಗುಬ್ಬಿಯವನ ವಿಷಯ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು, ತಪ್ಪು ನನ್ನದು ಎಂದು ಹೇಳಿ, ಮುಂದಿನ ಹಳ್ಳಿಗೆ ಹೋಗಿ ತಿರುಗಿ ಬಂದ ಅದೇ ಬಸ್ಸು ಹತ್ತಿದರು. ಎದುರಿಗೆ ಕೂತಿದ್ದ ಕುಣಿಗಲ್ಲಿನವನೂ ತಲೆ ಎತ್ತಿ, ನಮ್ಮನೆಗೂ ಬಂದಿದ್ದರು ಎಂದ. ಯಾರು ಯಾರಿಗೆ ಹೇಳಿದ್ದರೋ ಅಷ್ಟೂ ಜನರ ಮನೆಗೆ ಅವರು ಹೋಗಿಬಂದಿದ್ದರು. ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ರಂಗಸ್ವಾಮಿ ಅನ್ನ ಕಲಸುತ್ತಾ ಸಹಜವಾಗಿಯೇ ಹೇಳಿದ.

“ನಂಗೆ ಮೊದ್ಲು ಹೇಳಿದ್ದು ನೀವಲ್ವಾ ಸಾರ್, ಬಸ್ ಸ್ಟ್ಯಾಂಡಲ್ಲಿ. ಅದ್ನೂ ಅವ್ರೇ ಎತ್ತಿದ್ರು. ಲೆಕ್ಚರರ್ ಹೇಳಿದ್ದೂ ನನ್ ಮಾತೇ, ಅವ್ನನ್ನ ಏನೂ ಅನ್ಕಬೇಡ ಅಂದ್ರು.”

ಊಟ ಅರ್ಧಕ್ಕೇ ಬಿಟ್ಟೆ. ಕೈ ತೊಳೆಯಲು ಎದ್ದೆ. ನಲ್ಲಿಯ ಹತ್ತಿರ ನಯಾಜ್ ಇದ್ದ. ಬೆಳಿಗ್ಗೆಯಿಂದ ನೀರು, ಕುರ್ಚಿ, ಶಾಮಿಯಾನ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಗಡ್ಡ ಅಲ್ಲಲ್ಲಿ ನರೆತಿತ್ತು. ಅವನು ಕಾಲೇಜಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ದಿನದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ನಾನು ಎಲ್ಲಿಂದಲೂ ಶುರು ಮಾಡದೆ, ನಯಾಜ್, ಆ ಶನಿವಾರ ನೀನು ಕೊಟ್ಟ ಕಾರು ಚೆನ್ನಾಗಿ ಎಳೆಯುತ್ತಿತ್ತು, ನನಗೆ ಗೊತ್ತಿದ್ದೂ ಇಲ್ಲ ಎಂದೆ ಎಂದು ಹೇಳಿದೆ.

ಅವನು ನಲ್ಲಿ ನಿಲ್ಲಿಸಿದ. ನನ್ನನ್ನು ನೋಡಲಿಲ್ಲ, ಒದ್ದೆ ಕೈಗಳನ್ನೇ ನೋಡುತ್ತಿದ್ದ.

“ಮಲ್ಲಸಂದ್ರದ ಏರು ಟಾಪ್ ಗೇರಲ್ಲೇ ಹತ್ತಿತಾ ಸಾರ್?”

“ಹತ್ತಿತು. ಗೇರು ಇಳ್ಸಲೇ ಇಲ್ಲ.”

“ಹತ್ಬೇಕು” ಎಂದ ನಯಾಜ್. “ಹಂಗೇ ಇಟ್ಟಿದ್ದೆ.”